ದಯಾಳು ಪದವೂ ಮಾವನವರ ಮೋತಿಬಿಂದುವೂ

ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಈ ಮೂರು ಊರುಗಳ ನಡುವಿನ ಸೀಮೆಯಲ್ಲಿ ವ್ಯಂಗ್ಯ ಎಂದರೇನು ಎಂಬುದನ್ನು ಸರಿಯಾಗಿ ಬಲ್ಲವನು ನಾನೊಬ್ಬನೇ. ಇದು ಜಂಬವಲ್ಲ, ಮಾಹಿತಿ. ಮಕ್ತಲ್ ಹತ್ತಿರದ ಶಾಲೆಯೊಂದರಲ್ಲಿ ಕನ್ನಡ ಕಲಿಸುವ ಮಾಸ್ತರ ನಾನು. ಸುತ್ತಲೂ ತೆಲುಗು, ನಡುನಡುವೆ ಉರ್ದು, ಮೂಲೆಯ ಕೋಣೆಯಲ್ಲಿ ನಾನು ಮತ್ತು ನನ್ನ ಕನ್ನಡ ತರಗತಿ. ನಿಂದಾಸ್ತುತಿಯ ಪಾಠ ಬಂತೆಂದರೆ ನನ್ನ ಕಂಠಕ್ಕೆ ಬೇರೆಯೇ ಕಳೆ ಬರುತ್ತದೆ. "ಮೇಲೆ ಬೈಗುಳ, ಒಳಗೆ ಭಕ್ತಿ! ಮೇಲೆ ಹೊಗಳಿಕೆ, ಒಳಗೆ ತಿವಿತ! ಇದನ್ನು ಹಿಡಿಯಲು ಸೂಕ್ಷ್ಮ ಬೇಕು!" ಎಂದು ಮೇಜು ಕುಟ್ಟುತ್ತೇನೆ. ಮಕ್ಕಳು ಬಹಳ ಸೂಕ್ಷ್ಮವಾಗಿ ಕಿಟಕಿಯ ಹೊರಗೆ ನೋಡುತ್ತಿರುತ್ತಾರೆ.

ಇಂಥ ನನಗೆ ನನ್ನ ಹೆಂಡತಿ ಗಿರಿಜಾ ಒಂದು ದಿನ ತಾನಾಗಿಯೇ ಸಾಹಿತ್ಯದ ಕೆಲಸವೊಂದನ್ನು ಒಪ್ಪಿಸಿದಳು ಎಂದರೆ ನೀವು ನಂಬಬೇಕು. ಮದುವೆಯಾದಾಗಿನಿಂದ ಅವಳು ನನಗೆ ಒಪ್ಪಿಸಿದ್ದು ಗ್ಯಾಸ್ ಸಿಲಿಂಡರು ಮತ್ತು ಹಿಟ್ಟಿನ ಗಿರಣಿ ಮಾತ್ರ. ಗಿರಣಿಗೆ ಒಮ್ಮೆ ಅಕ್ಕಿಯ ಬದಲು ಉಪ್ಪಿಟ್ಟಿನ ರವೆ ಒಯ್ದ ಮೇಲೆ ಅದನ್ನೂ ಕಿತ್ತುಕೊಂಡಿದ್ದಳು.

ವಿಷಯ ಹೀಗೆ. ನನ್ನ ಮಾವ ವೀರಭದ್ರಪ್ಪನವರು ನಾರಾಯಣಪೇಟೆಯ ನೇಕಾರರ ಓಣಿಯವರು. ಮಗ್ಗ ಬಿಟ್ಟು ಕೆಲವು ವರ್ಷಗಳಾದವು. ಎರಡೂ ಕಣ್ಣಿಗೆ ಮೋತಿಬಿಂದು. ರಾಯಚೂರಿನ ಕಣ್ಣಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಪೊರೆ ಪೂರ್ತಿ ಹಣ್ಣಾಗಿದೆ. ಇನ್ನೂ ತಡ ಮಾಡಿದರೆ ಒಳಗೇ ಒಡೆಯುತ್ತದೆ. ಆಮೇಲೆ ನಾವೂ ಏನೂ ಮಾಡಲಾಗುವುದಿಲ್ಲ," ಎಂದು ಹೇಳಿ, ಮುಂದಿನ ವಾರ ಬಿಟ್ಟು ಅದರಾಚೆಯ ವಾರದ ಗುರುವಾರ ಆಪರೇಷನ್ನಿಗೆ ಬರಹೇಳಿದರು. ಮಾವನವರು ಹೊರಗೆ ಬಂದು ಆಟೋದಲ್ಲಿ ಕೂತವರೇ, "ನಾ ಒಲ್ಲೆ," ಎಂದರು. ಯಾಕೆ ಎಂದು ಗಿರಿಜಾ ಕೇಳಿದಳು. ಉತ್ತರವಾಗಿ ಹಾಡು ಹಾಡಿದರು!

ಆ ಹಾಡಿನ ಬಗ್ಗೆ ಎರಡು ಮಾತು ಹೇಳಲೇಬೇಕು. ನಮ್ಮ ಮಾವನವರ ಓಣಿಯ ಮಠದಲ್ಲಿ ಪ್ರತಿ ಸೋಮವಾರ ಸಂಜೆ ಭಜನೆ. ಎಲ್ಲ ಮುಗಿದ ಮೇಲೆ ಕೊನೆಗೆ ಹಾಡುವುದು 'ದಯಾಳು ಪದ'. ಬಹಳ ಹಳೆಯದು. ಕಣ್ಣಿಲ್ಲದ ನೇಕಾರನೊಬ್ಬ ಕಟ್ಟಿದ್ದು ಎನ್ನುತ್ತಾರೆ. ಅವನ ಹೆಸರು ಯಾರಿಗೂ ಗೊತ್ತಿಲ್ಲ.

ಎರಡು ದೀಪ ಹಚ್ಚಿಟ್ಟಿ, ಎರಡೂ ನೀನ ಆರಿಸಿದಿ,
ಎಣ್ಣಿ ಉಳಿಸಿದಿ ಒಡೆಯಾ, ಎಂಥಾ ದಯಾಳು!
ಕಾಣಬಾರದ್ದೆಲ್ಲಾ ಕಾಣದಂಗ ಕಾಯ್ದಿ,
ನಿನ್ನನ್ನೂ ಕಾಣದಂಗ ಮಾಡಿದಿ, ಎಂಥಾ ದಯಾಳು!

ಈ ಪದವನ್ನು ಯಾರು ಬೇಕಾದರೂ ಹಾಡುವಂತಿಲ್ಲ. ಭಜನಾ ಮಂಡಳಿಯಲ್ಲಿ ಯಾರಿಗೆ ಕಣ್ಣು ಕಾಣುವುದಿಲ್ಲವೋ ಅವರೇ ಹಾಡಬೇಕು. ಹಾಗೆ ಹಾಡುವವರಿಗೆ 'ಹಕ್ದಾರ' ಎಂದು ಹೆಸರು. ನಿಜಾಮರು ಹೋದರೂ ಅವರ ಶಬ್ದಗಳು ನಮ್ಮ ಕಡೆ ಆರಾಮಾಗಿ ಕಾಲು ಚಾಚಿ ಕೂತಿವೆ. ಹಕ್ದಾರರಿಗೆ ಕೂಡಲು ಗಾದಿ, ಒರಗಲು ಲೋಡು, ಮೊದಲ ಮಂಗಳಾರತಿ, ಕೊನೆಗೆ ಒಂದು ಲೋಟ ಕೇಸರಿ ಹಾಲು. ಹಿಂದಿನ ಹಕ್ದಾರರು ಶಿವನ ಪಾದ ಸೇರಿದ ಮೇಲೆ ನಮ್ಮ ಮಾವನವರೇ ಹಕ್ದಾರರಾಗಿದ್ದರು. ಅದಕ್ಕೆ ಮೊದಲು ಅವರು ಬಾಗಿಲ ಹತ್ತಿರ ಚಪ್ಪಲಿಗಳ ಪಕ್ಕದಲ್ಲಿ ಕೂತು ತಾಳ ಹಾಕುತ್ತಿದ್ದರು, ಅದೂ ತಪ್ಪುತಾಳ. ಇರಲಿ, ಇದೆಲ್ಲ ಓಣಿಯ ಪದ್ಧತಿ. ಮುಖ್ಯವಲ್ಲ ಎಂದು ನಾನು ಆಗಲೇ ಪಕ್ಕಕ್ಕಿಟ್ಟೆ. ಮುಖ್ಯವಾದದ್ದು ವ್ಯಂಗ್ಯ!

ಏಕೆಂದರೆ ಮಾವನವರ ವಾದ ಇಷ್ಟೇ: "ಆ ಶರಣ ಕಣ್ಣಿಲ್ಲದಿದ್ರೂ ದೇವರಿಗೆ ದಯಾಳು ಅಂದಾನ. ನಾ ಯಾರು, ಡಾಕ್ಟರ್ ಕಡಿಂದ ಕಣ್ಣು ತೆರಸಾಕ?"

ಗಿರಿಜಾ ಅಡಿಗೆಮನೆಯಲ್ಲಿ ಕೂತು ಅತ್ತಳು. ಅವಳಿಗೆ ತಾಯಿ ಇಲ್ಲ, ಇದ್ದವರು ಇವರೊಬ್ಬರೇ. "ಕಣ್ಣ ಒಡದುಹೋದ್ರ ಏನು ಮಾಡೋದ್ರಿ? ಆ ಪದದ ಅರ್ಥ ಹಂಗಲ್ಲ ಅಂತ ನೀವಾದ್ರೂ ಹೇಳ್ರಿ. ಕನ್ನಡ ಮಾಸ್ತರ್ ಅದೀರಲ್ಲ, ಒಮ್ಮಿಯಾದ್ರೂ ಉಪಯೋಗಕ್ಕ ಬರ್ರಿ!"

ಕೊನೆಯ ವಾಕ್ಯವನ್ನು ಬಿಟ್ಟು ಉಳಿದದ್ದೆಲ್ಲ ನನಗೆ ಹಿತವಾಗಿ ಕೇಳಿಸಿತು. ನಾನು ಶಾಲು ಸರಿಪಡಿಸಿಕೊಂಡೆ.

"ಗಿರಿಜಾ, ಇದು ಕೇವಲ ಆಪರೇಷನ್ನಿನ ಪ್ರಶ್ನೆಯಲ್ಲ. ಒಂದು ಕೃತಿಯನ್ನು ತಪ್ಪಾಗಿ ಓದಿದ್ದರ ಪರಿಣಾಮ. ಆ ಕವಿ ದೇವರನ್ನು ಹೊಗಳಿಲ್ಲ, ಝಾಡಿಸಿದ್ದಾನೆ! ಇದು ವ್ಯಂಗ್ಯ ಎಂದು ತಿಳಿದ ಕ್ಷಣವೇ ಮಾವನವರು ತಾವಾಗಿ ರಾಯಚೂರಿನ ಬಸ್ಸು ಹತ್ತುತ್ತಾರೆ. ನೀನು ಬುತ್ತಿ ಕಟ್ಟು!"

ಅವಳು ಮೂಗು ಒರೆಸಿಕೊಂಡು ನನ್ನನ್ನು ನೋಡಿದಳು. ಆ ನೋಟದಲ್ಲಿ ಭರವಸೆ ಇತ್ತು ಎಂದು ನನಗೆ ಅನಿಸಿತು. ನನಗೆ ಬಹಳ ಅನಿಸುತ್ತಿರುತ್ತದೆ.

ಶನಿವಾರ ಸಂಜೆ ನಾರಾಯಣಪೇಟೆಗೆ ಹೋದೆವು. ಮಾವನವರು ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ಸ್ವಲ್ಪ ಎಲೆಗೆ, ಸ್ವಲ್ಪ ಧೋತರಕ್ಕೆ. ನಾನು ಎದುರಿಗೆ ಕೂತು ಒಂದೊಂದೇ ಸಾಲು ಬಿಡಿಸಿ ಹೇಳತೊಡಗಿದೆ.

"ಮಾವಾರ, ನೋಡ್ರಿ. ದೀಪ ಆರಿಸಿ ಎಣ್ಣಿ ಉಳಿಸಿದಿ ಅಂತಾನ. ಇದು ಹೊಗಳಿಕಿ ಏನ್ರಿ? ಬೈಗುಳ! ನಿನ್ನನ್ನೂ ಕಾಣದಂಗ ಮಾಡಿದಿ ಅಂತಾನ. ಇದು ಇನ್ನೂ ದೊಡ್ಡ ಬೈಗುಳ! ಅಂವ ದೇವರ ಮ್ಯಾಲ ಸಿಟ್ಟಾಗ್ಯಾನ್ರಿ. ದಯಾಳು ಅನ್ನೋ ಶಬ್ದ ಇಲ್ಲಿ ವ್ಯಂಗ್ಯ!"

ನಾನು ಗೆದ್ದವನ ಗತ್ತಿನಲ್ಲಿ ಗೋಡೆಗೆ ಒರಗಿದೆ. ಮಾವನವರು ಎಲೆ ಮಡಚಿ ಬಾಯಿಗಿಟ್ಟುಕೊಂಡು ನಿಧಾನಕ್ಕೆ ಅಗಿದರು.

"ಅಂವ ಬೈದಾನ ಅಂತ ನಮಗೂ ಗೊತ್ತೈತ್ರಿ, ಮಾಸ್ತರ್ರ."

ನಾನು ಗೋಡೆಯಿಂದ ಬೆನ್ನು ಎತ್ತಿದೆ. "ಗೊತ್ತೈತಾ?"

"ಓಣ್ಯಾಗ ಎಲ್ಲಾರಿಗೂ ಗೊತ್ತೈತಿ. ಬೈದಾನ, ಬೈದು ದಯಾಳು ಅಂದಾನ. ಎರಡೂ ಖರೇನ. ನಿಮ್ಮ ಅತ್ತಿ ಇದ್ದಾಗ ನನಗ ಏನಂತಿದ್ದಳು? 'ಎಂಥಾ ಶ್ಯಾಣ್ಯಾ ಗಂಡ ಸಿಕ್ಕಾನಪ್ಪ ನನಗ' ಅಂತಿದ್ದಳು. ಬುದ್ಧಿವಂತ ಅಂತ ಬೈದಳೋ, ಹೊಗಳಿದಳೋ? ನಾ ಕೇಳಾಕ ಹೋಗಲಿಲ್ಲ. ರೊಟ್ಟಿ ಮಾತ್ರ ಬಿಸೀನ ಹಾಕತಿದ್ದಳು. ಪರಾಯಿ ಮಂದಿಗೆ ಯಾರರ ಹಂಗ ಬೈತಾರೇನ್ರಿ? ತನ್ನವ ಅಂದಾಗ ಬೈಯೋದು." ಎಲೆ ಉಗುಳಿ, ಬಾಯಿ ಒರೆಸಿಕೊಂಡು ಮುಗಿಸಿದರು: "ನಾ ಮಾತ್ರ ಆಪರೇಷನ್ ಒಲ್ಲೆ."

ಇಷ್ಟು ಚೆನ್ನಾಗಿ ಈ ಪಾಠವನ್ನು ನಾನು ತರಗತಿಯಲ್ಲಿ ಎಂದೂ ಮಾಡಿರಲಿಲ್ಲ. ನಿಜ ಹೇಳಬೇಕೆಂದರೆ ಹೊಟ್ಟೆ ಉರಿಯಿತು. ಆದರೆ ಸೋತೆ ಎಂದುಕೊಳ್ಳಲಿಲ್ಲ. ರೋಗಿಗೆ ಔಷಧದ ಪ್ರಮಾಣ ಕಡಿಮೆಯಾಗಿದೆ, ಅಷ್ಟೇ! ಒಬ್ಬರಿಗೆ ಹೇಳಿದ್ದು ತಪ್ಪು, ಇಡೀ ಸಭೆಗೆ ಹೇಳಬೇಕು. ಸಭೆ ಒಪ್ಪಿದರೆ ಮಾವನವರು ಒಪ್ಪಲೇಬೇಕು.

ಭಜನಾ ಮಂಡಳಿಯ ಮುಖ್ಯಸ್ಥ ಬಸಣ್ಣ ಬೀಜ-ಗೊಬ್ಬರದ ಅಂಗಡಿಯವನು. ಹಾರ್ಮೋನಿಯಂ ಬಾರಿಸುವವನೂ ಅವನೇ, ಪೆಟ್ಟಿಗೆಯ ಬೀಗದ ಕೈ ಇರುವುದೂ ಅವನ ಹತ್ತಿರವೇ. ಅವನನ್ನು ಕೇಳಿದೆ. "ಬರ್ರಿ ಮಾಸ್ತರ್ರ, ದಯಾಳು ಪದದ ಮುಂಚೆ ನಾಕು ಮಾತು ಹೇಳ್ರಿ. ಮಂದಿ ಹಾಲು ಕಾಯೋತನಕ ಸುಮ್ಮನ ಕುಂತಿರ್ತಾರ," ಎಂದ. ಆಹ್ವಾನದ ಧ್ವನಿ ನನಗೆ ಅಷ್ಟು ಹಿಡಿಸಲಿಲ್ಲ. ಆದರೂ ಒಪ್ಪಿದೆ.

ಸೋಮವಾರ ಮಠ ತುಂಬಿತ್ತು. ಮಾವನವರು ಗಾದಿಯ ಮೇಲೆ, ಲೋಡಿಗೆ ಒರಗಿ, ಹಣೆಗೆ ಮೂರು ಬೆರಳಿನ ವಿಭೂತಿ ಬಳಿದುಕೊಂಡು ಸಂಸ್ಥಾನದ ರಾಜರಂತೆ ಕೂತಿದ್ದರು. ಅವರ ಪಕ್ಕದ ಮನೆಯ ಸಿದ್ದಪ್ಪ ಬಾಗಿಲ ಹತ್ತಿರ ತಾಳ ಹಿಡಿದು ಕೂತಿದ್ದ. ಅವನೂ ಹಳೆಯ ನೇಕಾರ, ಅವನಿಗೂ ಮೋತಿಬಿಂದು, ಅವನಿಗೂ ಅದೇ ಗುರುವಾರ ಅದೇ ಡಾಕ್ಟರು. ಒಂದೇ ವ್ಯತ್ಯಾಸ ಎಂದರೆ ಅವನು ಆಪರೇಷನ್ನಿಗೆ ಸಂತೋಷದಿಂದ ಒಪ್ಪಿದ್ದ. ಹೆಂಗಸರ ಕಡೆ ಗಿರಿಜಾ ಮುಂದಿನ ಸಾಲಿನಲ್ಲಿ ಕೈಮುಗಿದು ಕೂತಿದ್ದಳು. ದೇವರಿಗೋ ನನಗೋ ತಿಳಿಯಲಿಲ್ಲ.

ಈಗ ನನ್ನ ತಂತ್ರವನ್ನು ವಿವರಿಸಬೇಕು. ವ್ಯಂಗ್ಯವನ್ನು 'ಇದು ವ್ಯಂಗ್ಯ' ಎಂದು ಬಾಯಿಬಿಟ್ಟು ಹೇಳುವುದು ದಡ್ಡರ ದಾರಿ. ಅದನ್ನು ಮಾಡಿ ತೋರಿಸಬೇಕು! ಕುರುಡುತನವನ್ನು ನಾನೇ ಎಷ್ಟು ಹೊಗಳುತ್ತೇನೆಂದರೆ, ಕೇಳುವವರಿಗೆ 'ಅಯ್ಯೋ, ಇದು ಹೊಗಳಿಕೆಯಲ್ಲ, ಮಾಸ್ತರ ಇದನ್ನು ಬೇಡ ಎನ್ನುತ್ತಿದ್ದಾರೆ' ಎಂದು ತಾನಾಗಿ ಹೊಳೆಯಬೇಕು. ಹೊಳೆದೇ ಹೊಳೆಯುತ್ತದೆ. ಇಷ್ಟು ಸರಳ!

"ಶರಣಬಂಧುಗಳೇ!" ಎಂದು ಶುರು ಮಾಡಿದೆ. "ಕಣ್ಣು ಕಾಣದಿರುವುದು ಎಂಥ ಭಾಗ್ಯ! ಕರೆಂಟು ಬಿಲ್ಲು ಕಾಣುವುದಿಲ್ಲ! ರಸ್ತೆಯ ಗುಂಡಿ ಕಾಣುವುದಿಲ್ಲ, ನೇರವಾಗಿ ಅದರೊಳಗೇ ಹೋಗಬಹುದು! ಟೀವಿಯಲ್ಲಿ ಅತ್ತೆ ಸೊಸೆಯರ ಜಗಳ ಕಾಣುವುದಿಲ್ಲ! ಓಟಿಗೆ ನಿಂತವರ ಮುಖ ಕಾಣುವುದಿಲ್ಲ! ಮೊಮ್ಮಕ್ಕಳ ನಗು ಕೂಡ ಕಾಣುವುದಿಲ್ಲ, ಅದೂ ಒಂದು ತಾಪತ್ರಯ ತಪ್ಪಿತು! ಡಾಕ್ಟರುಗಳೇ, ಈ ಸುಖವನ್ನು ನಮ್ಮಿಂದ ಕಸಿಯಲು ನೀವು ಯಾರು? ಕತ್ತಲೆಯೇ ಶಿವ! ಪೊರೆಯೇ ಪ್ರಸಾದ!"

'ಪೊರೆಯೇ ಪ್ರಸಾದ' ಎಂಬುದು ಆ ಕ್ಷಣದಲ್ಲಿ ಹೊಳೆದದ್ದು. ನನಗೇ ಮೈ ಝುಂ ಎಂದಿತು. ಸಭೆಗೂ ಝುಂ ಎಂದಿರಬೇಕು. ಹರಹರ ಎಂಬ ಘೋಷ ಎದ್ದಿತು! ಕೆಲವರು ಕಣ್ಣೊರೆಸಿಕೊಂಡರು. ಬಸಣ್ಣ ತನ್ನ ಫೋನಿನಲ್ಲಿ ಇಡೀ ಭಾಷಣವನ್ನು ಹಿಡಿದುಕೊಳ್ಳುತ್ತಿದ್ದ. ಬಾಗಿಲ ಹತ್ತಿರ ಸಿದ್ದಪ್ಪ ತಾಳವನ್ನು ಕೆಳಗಿಟ್ಟು ಏನೋ ಯೋಚನೆಯಲ್ಲಿ ಮುಳುಗಿದ್ದ. ವ್ಯಂಗ್ಯ ನಾಟಿತು ಎಂದುಕೊಂಡೆ. ಮಾವನವರು ಮಾತ್ರ ಲೋಡಿಗೆ ಒರಗಿ ಮೀಸೆಯಡಿ ನಗುತ್ತಿದ್ದರು.

ಇಳಿದು ಬಂದಾಗ ಗಿರಿಜಾಳ ಮುಖ ಕೆಂಪಗಾಗಿತ್ತು.

"ಹ್ಯಾಂಗಿತ್ತು?" ಎಂದೆ.

"ನಿಮ್ಮನ್ನ ಆಪರೇಷನ್ ಮಾಡಸ್ರಿ ಅಂತ ಹೇಳಾಕ ಕಳಿಸಿದ್ನೋ, ಬ್ಯಾಡ ಅಂತ ಹೇಳಾಕ ಕಳಿಸಿದ್ನೋ?"

"ಅದೇ ವ್ಯಂಗ್ಯ ಗಿರಿಜಾ! ನೀನು ಹಿಡಿಯಲಿಲ್ಲ, ಸಭೆ ಹಿಡಿದಿದೆ. ನಾಳೆ ನೋಡು!"

ನಾಳೆ ನೋಡಿದೆವು.

ಬೆಳಿಗ್ಗೆ ಮೊದಲ ಫೋನು ಗದ್ವಾಲಿನಿಂದ, ಗಿರಿಜಾಳ ಚಿಗವ್ವ, ಅಂದರೆ ಅವಳ ತಾಯಿಯ ತಂಗಿ, ಮಾಡಿದ್ದು. ಚಿಗವ್ವನಿಗೂ ಒಂದು ಕಣ್ಣಿಗೆ ಮೋತಿಬಿಂದು. ಬಸಣ್ಣ ಹಿಡಿದ ವಿಡಿಯೋ ರಾತ್ರಿಯೇ ಅಲ್ಲಿಗೆ ಮುಟ್ಟಿತ್ತು. "ಗಿರಿಜಾ, ನಿನ್ನ ಗಂಡನ ಮಾತು ಕೇಳಿ ಕಣ್ಣಾಗ ನೀರು ಬಂತು ನೋಡವ್ವ. ಪೊರೆಯೇ ಪ್ರಸಾದ! ನಾ ಇನ್ನ ಆ ಡಾಕ್ಟರ್ ಕಡೆ ಹೋಗಂಗಿಲ್ಲ," ಎಂದರು. ಗಿರಿಜಾ ಫೋನನ್ನು ನನ್ನ ಕೈಗಿಟ್ಟು ರೊಟ್ಟಿ ಬಡಿಯಲು ಹೋದಳು. ಅಷ್ಟು ಜೋರಾಗಿ ರೊಟ್ಟಿ ಬಡಿದದ್ದನ್ನು ನಾನು ಮೊದಲು ಕೇಳಿರಲಿಲ್ಲ.

ಶಾಲೆಗೆ ಹೋದರೆ ನಮ್ಮ ತೆಲುಗು ಮಾಸ್ತರು ಗೇಟಿನಲ್ಲೇ ಹಿಡಿದರು. "ಏಂ ಸಾರ್ ಇದಿ? ಮಾ ಅಮ್ಮ ಆಪರೇಷನ್ ವದ್ದಂಟುಂದಿ! ಮೋತಿಬಿಂದು ಆಪರೇಷನ್ ಬ್ಯಾಡ ಅಂತ ನಿಮ್ಮ ವಿಡಿಯೋ ತೋರಿಸಿ ತೋರಿಸಿ ನನಗ ಬೈತಾಳ. ಆಕಿಗೆ ಕನ್ನಡ ಬರಂಗಿಲ್ಲ, ಆದ್ರೂ ಶಿವ, ಪ್ರಸಾದ ಅಂತ ಎರಡು ಶಬ್ದ ತಿಳಿದಾವ ಅಂತ!"

ಮಧ್ಯಾಹ್ನದ ಹೊತ್ತಿಗೆ ಸಿದ್ದಪ್ಪನ ಮಗಳು ಫೋನು ಮಾಡಿದಳು. ಸಿದ್ದಪ್ಪನೂ ಆಪರೇಷನ್ ಬೇಡ ಎಂದಿದ್ದ! ಒಪ್ಪದಿದ್ದ ಒಬ್ಬರನ್ನು ಒಪ್ಪಿಸಲು ಹೋಗಿ, ಒಪ್ಪಿದ್ದವರನ್ನೆಲ್ಲ ಕೆಡಿಸಿದ್ದೆ. ಆ ಡಾಕ್ಟರು ವರ್ಷಗಟ್ಟಲೆ ಊರೂರು ತಿರುಗಿ ಮಾಡಿದ ಕೆಲಸವನ್ನು ನಾನು ಹಾಲು ಕಾಯುವಷ್ಟು ಹೊತ್ತಿನಲ್ಲಿ ಮುಗಿಸಿಬಿಟ್ಟಿದ್ದೆ.

ನನಗೆ ನಿಜವಾಗಿ ಹೆದರಿಕೆಯಾಯಿತು. ಯಾರದಾದರೂ ಕಣ್ಣು ಹೋದರೆ ಅದು ನನ್ನ ನಾಲಿಗೆಯಿಂದ. ಆದರೂ ಧೈರ್ಯಗೆಡಲಿಲ್ಲ. ವಿಡಿಯೋದಿಂದ ಆದ ಹಾನಿಗೆ ವಿಡಿಯೋವೇ ಪರಿಹಾರ! ಅಂದೇ ಸಂಜೆ ತಲೆ ಬಾಚಿಕೊಂಡು, ಗೋಡೆಗೆ ಬೆನ್ನು ಕೊಟ್ಟು ನಿಂತು, ಯಾವ ಅಲಂಕಾರವೂ ಇಲ್ಲದೆ ಮಾತಾಡಿದೆ: "ನಾನು ನಿನ್ನೆ ಹೇಳಿದ್ದೆಲ್ಲ ವ್ಯಂಗ್ಯ. ದಯವಿಟ್ಟು ಎಲ್ಲರೂ ಮೋತಿಬಿಂದು ಆಪರೇಷನ್ ಮಾಡಿಸಿಕೊಳ್ಳಿ. ಡಾಕ್ಟರು ಹೇಳಿದಂತೆ ಕೇಳಿ." ಬಸಣ್ಣನಿಗೆ ಕಳಿಸಿದೆ. ಅವನು ಊರಿಗೆಲ್ಲ ಕಳಿಸಿದ.

ಗದ್ವಾಲಿನ ಚಿಗವ್ವ ಮತ್ತೆ ಫೋನು ಮಾಡಿದರು. ದನಿ ತಗ್ಗಿಸಿ ಕೇಳಿದರು: "ಮಾಸ್ತರ್ರ, ನಿಮ್ಮನ್ನ ಯಾರರ ಹೆದರಿಸ್ಯಾರೇನ್ರಿ? ಮೊದಲಿಂದು ಮನಸ್ಸಿನಿಂದ ಹೇಳಿದ್ರಿ. ಎರಡನೇದು ಯಾರೋ ಎದುರಿಗೆ ನಿಂತು ಹೇಳಿಸಿದಂಗೈತಿ. ಮೊದಲಿಂದು ಖರೇ, ಇದು ವ್ಯಂಗ್ಯ, ಹೌದಿಲ್ಲೋ? ಹೇಳಬ್ಯಾಡ್ರಿ, ತಿಳೀತು."

ಎದುರಿಗೆ ನಿಂತು ಹೇಳಿಸಿದ್ದು ನಿಜ. ಗಿರಿಜಾ ಲಟ್ಟಣಿಗೆ ಹಿಡಿದು ಎದುರಿಗೇ ನಿಂತಿದ್ದಳು. ಆದರೂ!

ಇಡೀ ಸೀಮೆಗೆ ವ್ಯಂಗ್ಯ ಹಿಡಿಯುವುದು ಹೇಗೆಂದು ನಾನು ಕಲಿಸಿಯೇಬಿಟ್ಟಿದ್ದೆ. ತಪ್ಪು ವಿಡಿಯೋದಲ್ಲಿ ಹಿಡಿದರು, ಅಷ್ಟೇ.

ಮುಂದಿನ ಸೋಮವಾರ ಬಂತು. ಗುರುವಾರಕ್ಕೆ ಮೂರೇ ದಿನ ಉಳಿದಿತ್ತು. ನಾನು ಕ್ಷಮೆ ಕೇಳಲು, ಗಿರಿಜಾ ನಾನು ಕ್ಷಮೆಯನ್ನಷ್ಟೇ ಕೇಳುತ್ತೇನೋ ಇಲ್ಲವೋ ನೋಡಲು, ಇಬ್ಬರೂ ಮಠಕ್ಕೆ ಹೋದೆವು. ಒಳಗೆ ಕಾಲಿಟ್ಟರೆ ಭಜನೆ ನಿಂತಿದೆ! ಗಾದಿಯ ಮೇಲೆ ಮಾವನವರು, ಅದೇ ಗಾದಿಯ ಇನ್ನೊಂದು ತುದಿಯಲ್ಲಿ ಸಿದ್ದಪ್ಪ! ಲೋಡು ಇಬ್ಬರ ನಡುವೆ ಅಪ್ಪಚ್ಚಿಯಾಗುತ್ತಿತ್ತು.

"ಏಳೋ ಸಿದ್ದ್ಯಾ! ಇದು ನನ್ನ ಜಾಗಾ!"

"ಯಾಕ ಏಳ್ಬೇಕು? ಯಾರಿಗೆ ಕಾಣಂಗಿಲ್ಲ ಅವರದು ಹಕ್ಕು. ನಿನಗಿಂತ ನನಗ ಕಡಿಮಿ ಕಾಣತೈತಿ. ಸುಮ್ಮನ ಆಪರೇಷನ್ ಮಾಡಿಸ್ಕೊಂಡು ಹಾಲು ಕಳಕೊಳ್ಳಾಕ ಹೊಂಟಿದ್ದೆ. ಮಾಸ್ತರ್ ಬಂದು ಕಣ್ಣು ತೆರಿಸಿದ್ರು!"

ನೆರೆದವರೆಲ್ಲ ತಿರುಗಿ ನನ್ನನ್ನು ನೋಡಿದರು. ನಾನು ಕಂಬವನ್ನು ನೋಡಿದೆ.

"ನಿನಗ ಕಡಿಮಿ ಕಾಣತೈತಾ? ನಿನ್ನೆ ನಮ್ಮ ಗಿಡದಾಗಿನ ನುಗ್ಗಿಕಾಯಿ ಎಣಿಸಿಕೋತ ನಿಂತಿದ್ದಿ!"

"ನಾ ನಿಂತಿದ್ದು ನಿನಗ ಹ್ಯಾಂಗ ಕಾಣ್ತು?"

ಮಠದಲ್ಲಿ ನಗೆಯೋ ನಗೆ. ಬಸಣ್ಣ ಹಾರ್ಮೋನಿಯಂ ಬಿಟ್ಟು ಎದ್ದ. ಹಕ್ಕಿನ ಪ್ರಶ್ನೆ, ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಪರೀಕ್ಷೆ ಆಗಲೇಬೇಕು ಎಂದು ತೀರ್ಪು ಕೊಟ್ಟು, ಇಬ್ಬರ ಎದುರಿಗೆ ನಿಂತು ಕೆಲವು ಬೆರಳು ಚಾಚಿ ಕೈ ಎತ್ತಿದ.

"ಕಾಕಾ, ಎಷ್ಟು ಬಟ್ಟು?"

ಮಾವನವರು ಮುಖವನ್ನು ಕಷ್ಟಪಟ್ಟು ಬೇರೆ ಕಡೆ ತಿರುಗಿಸಿ, ಗಂಭೀರವಾಗಿ ಘೋಷಿಸಿದರು: "ಶಿವನ ಸಾಕ್ಷಿ, ಆ ಮೂರು ಬಟ್ಟಿನಾಗ ಒಂದೂ ನನಗ ಕಾಣಂಗಿಲ್ಲ!"

"ಸುಳ್ಳು!" ಎಂದು ಸಿದ್ದಪ್ಪ ಕೂಗಿದ. "ಅಂವಗ ಕಾಣತಾವ! ನನಗ ಮಾತ್ರ ಕಾಣಂಗಿಲ್ಲ, ಅಂವ ಮುಖ ತಿರುಗಿಸಿದ್ದೂ ಕಾಣಲಿಲ್ಲ!"

ಇಡೀ ಮಠ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ನಾನೂ ನಕ್ಕೆ. ಆದರೆ ಪಕ್ಕದಲ್ಲಿ ಗಿರಿಜಾ ನಗಲಿಲ್ಲ. ಅವಳು ಗಾದಿಯನ್ನು ನೋಡಿದಳು, ಲೋಡನ್ನು ನೋಡಿದಳು, ಒಲೆಯ ಮೇಲಿನ ಹಾಲನ್ನು ನೋಡಿದಳು. ಆಮೇಲೆ ಬಾಗಿಲ ಹತ್ತಿರ ಚಪ್ಪಲಿಗಳ ಪಕ್ಕದಲ್ಲಿ ಅನಾಥವಾಗಿ ಬಿದ್ದಿದ್ದ ತಾಳಗಳನ್ನು ನೋಡಿದಳು. ಸೀದಾ ಹೋಗಿ ತಂದೆಯ ಮುಂದೆ ಕೂತಳು.

"ಅಪ್ಪಾ, ಖರೇ ಹೇಳು. ಕಣ್ಣು ಬಂದ್ರ ಈ ಜಾಗಾ ಹೋಗತೈತಿ ಅಂತ ಆಪರೇಷನ್ ಒಲ್ಲೆ ಅಂದೇನು?"

ಮಾವನವರು ತಲೆ ತಗ್ಗಿಸಿದರು. ಧೋತರದ ಅಂಚನ್ನು ಸುತ್ತಿದರು, ಬಿಚ್ಚಿದರು.

"ಹುಟ್ಟಿದಾಗಿಂದ ಬಾಗಲದಾಗ ಕುಂತೀನವ್ವ," ಎಂದರು ಕೊನೆಗೆ. "ಆ ಪದ ನಮ್ಮಪ್ಪ ಕಣ್ಣು ಹೋದ ಮ್ಯಾಲ ಹಾಡತಿದ್ದ. ಒಮ್ಮಿಯಾದ್ರೂ ನಾ ಹಾಡಬೇಕು ಅಂತ ಆಸೆ ಇತ್ತು. ಕಣ್ಣಿದ್ದಾಗ ಹಾಡಗೊಡಲಿಲ್ಲ. ಕಣ್ಣು ಹೋದ ಮ್ಯಾಲ ಕರದು ಗಾದಿ ಮ್ಯಾಲ ಕುಂಡ್ರಿಸಿದ್ರು. ಈಗ ಕಣ್ಣು ತಗೊಂಡು ಮತ್ತ ಚಪ್ಪಲಿ ಹತ್ರ ಹೋಗಲೇನು?"

ನಗೆ ನಿಂತಿತು. ಮುಖ್ಯವಲ್ಲ ಎಂದು ನಾನು ಪಕ್ಕಕ್ಕಿಟ್ಟಿದ್ದ ಸಂಗತಿ ಗಾದಿಯ ಮೇಲೆ ಕೂತು ಕಣ್ಣೊರೆಸಿಕೊಳ್ಳುತ್ತಿತ್ತು.

ಗಿರಿಜಾ ಬಸಣ್ಣನ ಕಡೆ ತಿರುಗಿದಳು. "ಅಣ್ಣಾ, ಪದ ಹಾಡೂವಾಗ ಕಣ್ಣು ಕಾಣಬಾರದು, ಅಷ್ಟೇ ಅಲ್ಲೇನು? ಕಣ್ಣಿಗೆ ಬಟ್ಟಿ ಕಟ್ಟಿಕೊಂಡು ಹಾಡಿದ್ರ ಕಾಣತೈತೇನು?"

ಬಸಣ್ಣ ತಲೆ ಕೆರೆದುಕೊಂಡ. ಹಿರಿಯರ ಮುಖ ನೋಡಿದ. ಹಿರಿಯರು ಹಾಲಿನ ಕಡೆ ನೋಡಿದರು. ಉಕ್ಕುವ ಹಂತಕ್ಕೆ ಬಂದಿತ್ತು. "ಕಾಣಂಗಿಲ್ಲ," ಎಂದು ಎಲ್ಲರೂ ಒಪ್ಪಿದರು.

"ಒಂದು ಸೋಮವಾರ ಅಪ್ಪ ಹಾಡಲಿ, ಒಂದು ಸೋಮವಾರ ಸಿದ್ದಪ್ಪ ಕಾಕಾ ಹಾಡಲಿ. ಗುರುವಾರ ಇಬ್ಬರೂ ರಾಯಚೂರಿಗೆ ಹೋಗಲಿ. ಆತಿಲ್ಲೋ?"

"ಇದನ್ನ ಮೊದಲ ಹೇಳಬಾರದೇನವ್ವ?" ಎಂದು ಮಾವನವರು ಸಿಡುಕಿದರು. "ವಾರಗಟ್ಟಲೆ ನಿನ್ನ ಗಂಡ ಬಂದು ದೀಪ, ಎಣ್ಣಿ ಅಂತ ತಲಿ ತಿಂದ!"

ಬರುವಾಗ ದಾರಿಯಲ್ಲಿ ಗಿರಿಜಾ ಇಷ್ಟೇ ಹೇಳಿದಳು: "ನೀವು ಪದಕ್ಕ ಅರ್ಥ ಕೇಳಿದ್ರಿ, ಬಂದ ಮಂದಿಗೆ ಹೇಳಿದ್ರಿ. ಅಪ್ಪನ ಕಡೆ ಕುಂತು ನಿನಗೇನು ಬೇಕು ಅಂತ ಕೇಳಲಿಲ್ಲ. ನಾನೂ ಕೇಳಲಿಲ್ಲ ಬಿಡ್ರಿ." ಕೊನೆಯ ವಾಕ್ಯವನ್ನು ಅವಳು ಸೇರಿಸಿದ್ದು ಅವಳ ದೊಡ್ಡತನ.

ಇಬ್ಬರು ಹಕ್ದಾರರು ಆಪರೇಷನ್ನಿಗೆ ಒಪ್ಪಿದ ಸುದ್ದಿ ಗದ್ವಾಲಿಗೂ ಮುಟ್ಟಿತು. ಚಿಗವ್ವ ತಾನೂ ಬರುತ್ತೇನೆ ಎಂದರು. "ನಿಮ್ಮ ಮಾತು ಕೇಳಿ ಅಲ್ಲರಿ ಮಾಸ್ತರ್ರ, ವೀರಭದ್ರಪ್ಪ ಮಾವಾರೇ ಹೊಂಟಾರಂತ," ಎಂದು ಸ್ಪಷ್ಟಪಡಿಸಿದರು. ತೆಲುಗು ಮಾಸ್ತರ ತಾಯಿಯೂ ಇವರ ಹಿಂದೆಯೇ ಹೊರಟರು. ಇಡೀ ಸೀಮೆಯಲ್ಲಿ ನನ್ನ ಮಾತಿಗೆ ಕಿವಿಗೊಡದೆ ಇದ್ದವರೆಲ್ಲ ಉದ್ಧಾರವಾದರು!

ಗುರುವಾರ ಆಪರೇಷನ್ ಸುಸೂತ್ರವಾಗಿ ಆಯಿತು. ಮೊದಲು ಒಂದು ಕಣ್ಣು. ಇನ್ನೊಂದು ಮುಂದಿನ ತಿಂಗಳು. ಮರುದಿನ ಪಟ್ಟಿ ಬಿಚ್ಚುವ ಹೊತ್ತಿಗೆ ನಾನು ಮಂಚದ ಎದುರಿಗೇ ನಿಂತೆ. ನನಗೊಂದು ಆಸೆ ಇತ್ತು, ಮುಚ್ಚಿಡುವುದಿಲ್ಲ. ಮಾವನವರಿಗೆ ಮೊದಲು ಕಾಣುವ ಮುಖ ನನ್ನದಾಗಲಿ. ಆ ಗಳಿಗೆಯಲ್ಲಿ ಹಿಂದಿನದೆಲ್ಲ ಮರೆತುಹೋಗಲಿ. ಕೂದಲಿಗೆ ಎಣ್ಣೆ ಹಚ್ಚಿ ಬಾಚಿಕೊಂಡಿದ್ದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದೆ. ಮುಗುಳುನಗೆಯನ್ನೂ ಸಿದ್ಧ ಮಾಡಿಟ್ಟುಕೊಂಡಿದ್ದೆ.

ನರ್ಸಮ್ಮ ಪಟ್ಟಿ ತೆಗೆದಳು. ಮಾವನವರು ರೆಪ್ಪೆ ಬಡಿದರು. ನೀರು ತುಂಬಿದ ಕಣ್ಣಿನಿಂದ ನನ್ನನ್ನು ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ನೋಡಿದರು. ಮದುವೆಯ ಹೊತ್ತಿನಲ್ಲಿ ನೋಡಿದ್ದಕ್ಕೂ ಈಗ ಕಂಡದ್ದಕ್ಕೂ ತಾಳೆ ಹಾಕುತ್ತಿದ್ದರೋ ಏನೋ. ಆಮೇಲೆ ಎರಡೂ ಕೈ ಜೋಡಿಸಿ, ಚಾವಣಿಯ ಕಡೆ ಮುಖ ಎತ್ತಿ, ಸಣ್ಣ ದನಿಯಲ್ಲಿ ಹಾಡಿದರು:

"ಕಾಣಬಾರದ್ದೆಲ್ಲಾ ಕಾಣದಂಗ ಕಾಯ್ದಿ... ಎಂಥಾ ದಯಾಳು!"

ಪಕ್ಕದ ಮಂಚದಿಂದ ಸಿದ್ದಪ್ಪ ತಪ್ಪದೆ ತಾಳ ಹಾಕಿದ.

"ಮಾಸ್ತರ್ರ," ಎಂದರು ಮಾವನವರು. "ಈ ಸಾಲಿನಾಗ ವ್ಯಂಗ್ಯ ಇಲ್ಲರಿ. ಆ ಶರಣ ಖರೇನ ಹೇಳ್ಯಾನ."

ನರ್ಸಮ್ಮ ನಕ್ಕಳು. ಡಾಕ್ಟರು ನಕ್ಕರು. ನಾನು ಸಿದ್ಧ ಮಾಡಿಟ್ಟಿದ್ದ ಮುಗುಳುನಗೆಯನ್ನೇ ಹಿಡಿದುಕೊಂಡು ನಿಂತೆ. ಅದನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

ಊರಿಗೆ ಮರಳುವಾಗ ಬಸ್ಸಿನಲ್ಲಿ ಮಾವನವರು ಕಿಟಕಿಯ ಪಕ್ಕ ಕೂತು, ಕಪ್ಪು ಕನ್ನಡಕದೊಳಗಿಂದ ಕಂಡ ಅಂಗಡಿಯ ಬೋರ್ಡುಗಳನ್ನೆಲ್ಲ ಜೋರಾಗಿ ಓದುತ್ತಿದ್ದರು. ತೆಲುಗು, ಕನ್ನಡ, ಉರ್ದು, ಯಾವುದನ್ನೂ ಬಿಡಲಿಲ್ಲ. ಗಿರಿಜಾ ಅವರ ಕೈ ಹಿಡಿದುಕೊಂಡು ಅಳುತ್ತಾ ನಗುತ್ತಿದ್ದಳು. ನನಗೆ ಮಾತ್ರ ಮನಸ್ಸು ತಡೆಯಲಿಲ್ಲ. ಅವಳ ಕಡೆ ಬಾಗಿ ಮೆಲ್ಲಗೆ ಕೇಳಿದೆ.

"ಗಿರಿಜಾ, ನಿಮ್ಮಪ್ಪ ನನಗೆ ಹಾಗೆ ಅಂದದ್ದು ತಮಾಷೆಗೋ, ನಿಜವಾಗಿಯೋ?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಮುಖವನ್ನೇ ನೋಡಿದಳು. ಬಹಳ ಪ್ರೀತಿಯಿಂದ ನೋಡಿದಳು.

"ಎಂಥಾ ಶ್ಯಾಣ್ಯಾ ಗಂಡ ಸಿಕ್ಕಾನಪ್ಪ ನನಗ!"

ನನ್ನ ಎದೆ ತುಂಬಿ ಬಂತು. ಇಷ್ಟು ವರ್ಷದ ಸಂಸಾರದಲ್ಲಿ ಕೊನೆಗೂ ಒಂದು ಒಳ್ಳೆಯ ಮಾತು! ಹೆಮ್ಮೆಯಿಂದ ಸೀಟಿಗೆ ಒರಗಿ ಕೂತೆ. ಬಸ್ಸು ಕೃಷ್ಣಾ ನದಿಯ ಸೇತುವೆ ದಾಟುವವರೆಗೂ, ಮೂರು ಊರುಗಳ ನಡುವೆ ವ್ಯಂಗ್ಯ ಬಲ್ಲ ಒಬ್ಬನೇ ಒಬ್ಬನಾದ ನಾನು, ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.
</pi­ece>